ಬಾಗಿಲ ಹಿಂದಿನ ಸ್ವಿಚ್‌ಬೋರ್ಡ್: ಸಿಸ್ಟಮ್ಸ್ ಇಂಜಿನಿಯರಿಂಗ್‌ನಲ್ಲಿ ಸಂಶೋಧನೆ ಅಂದರೆ ಏನು ಮಾಡುತ್ತಾರೆ?

ನಮ್ಮ ಮನೆಯ ಮಹಡಿ ರೂಮಿನಲ್ಲಿ ಲೈಟ್ ಹಾಕುವುದೇ ಒಂದು ಕಸರತ್ತು. ಬಾಗಿಲು ತೆಗೆದು ಒಳಗೆ ಹೋಗಬೇಕು, ಮತ್ತೆ ಬಾಗಿಲು ಮುಚ್ಚಬೇಕು, ಆಮೇಲೆ ಕತ್ತಲಲ್ಲಿ ಗೋಡೆ ತಡವಬೇಕು. ಸ್ವಿಚ್‌ಬೋರ್ಡ್ ಇರುವುದು ಬಾಗಿಲ ಹಿಂದೆ! ಎಲೆಕ್ಟ್ರಿಷಿಯನ್ ಬೋರ್ಡನ್ನು ಪ್ಲಾನಿನಲ್ಲಿ ತೋರಿಸಿದ ಗೋಡೆಯಲ್ಲೇ, ಹೇಳಿದ ಎತ್ತರಕ್ಕೇ ಕೂರಿಸಿದ್ದ. ಬಡಗಿಯೂ ಬಾಗಿಲನ್ನು ಒಂದು ನೂಲು ಆಚೀಚೆ ಆಗದಂತೆ ನಿಲ್ಲಿಸಿದ್ದ. ಇಬ್ಬರ ಕೆಲಸದಲ್ಲೂ ತಪ್ಪು ಹುಡುಕಲು ಆಗುವುದಿಲ್ಲ. ಬಾಗಿಲು ಯಾವ ಕಡೆಗೆ ತೆರೆದುಕೊಳ್ಳಬೇಕು ಅನ್ನುವುದನ್ನು ಮಾತ್ರ ಯಾರೂ ಬರೆದಿರಲಿಲ್ಲ. ಬಡಗಿಯನ್ನು ಕೇಳಿದೆ. "ನಂಗ್ಯಾರೂ ಹೇಳ್ಲಿಲ್ಲ ಸಾರ್" ಅಂದ. ಎಲೆಕ್ಟ್ರಿಷಿಯನ್ ಹೇಳಿದ್ದೂ ಅದನ್ನೇ.

ಈ ಬೋರ್ಡು ಈಗ ನೆನಪಾಗಲು ಅಕ್ಕನ ಮಗಳು ಕಾರಣ. ಮೆಕ್ಯಾನಿಕಲ್ ಓದಿ ಎರಡು ವರ್ಷ ಕೆಲಸ ಮಾಡಿದ ಹುಡುಗಿ. ಈಗ ಅಮೆರಿಕದಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ. ವಿಷಯ, ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಅಂಡ್ ಸಿಸ್ಟಮ್ಸ್ ಇಂಜಿನಿಯರಿಂಗ್. "ಅಂದ್ರೆ ಯಾವ ಮಷೀನು ಮಾಡ್ತಾಳಂತೆ?" ಎಂದು ನಮ್ಮಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ. ಸಿವಿಲ್ ಅಂದರೆ ಕಟ್ಟಡ, ಎಲೆಕ್ಟ್ರಿಕಲ್ ಅಂದರೆ ಕರೆಂಟು. ಇದರಲ್ಲಿ ಕೈಗೆ ಸಿಗುವ ವಸ್ತು ಯಾವುದು?

ಪಿಎಚ್‌ಡಿ ಮಾಡುವವರಿಗೆ ಮಾತ್ರ ಬೇಕಾದ ವಿಷಯವೂ ಅಲ್ಲ ಇದು. ಬೆಂಗಳೂರಿನವರಿಗೆ ಹಳದಿ ಮಾರ್ಗದ ಮೆಟ್ರೊ ನೆನಪಿರಬೇಕು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿ.ಮೀ., 16 ಸ್ಟೇಷನ್. ಹಳಿ ಬಂತು, ಸ್ಟೇಷನ್ ಎದ್ದು ನಿಂತಿತು. ಕೆಳಗೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರು ತಲೆ ಎತ್ತಿ ನೋಡಿ ನಿಟ್ಟುಸಿರು ಬಿಟ್ಟಿದ್ದೇ ಬಿಟ್ಟಿದ್ದು, ಯಾಕೆಂದರೆ ಓಡಿಸಲು ರೈಲು ಇರಲಿಲ್ಲ. ಕೊನೆಗೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಕಾಂಕ್ರೀಟು ಒಬ್ಬರದು, ರೈಲು ಇನ್ನೊಬ್ಬರದು, ಸುರಕ್ಷತೆಯ ತಪಾಸಣೆ ಮತ್ತೊಬ್ಬರದು. ಮೂರೂ ಒಂದೇ ದಿನಕ್ಕೆ ಬಂದು ಕೂಡಿದರೆ ಮಾತ್ರ ಅದು ಮೆಟ್ರೊ. ಇಲ್ಲದಿದ್ದರೆ ಸುಮ್ನೆ ಒಂದು ಉದ್ದನೆಯ ಸೇತುವೆ.

ಸಿಸ್ಟಮ್ ಅಂದರೆ ಬಿಡಿಭಾಗಗಳ ಗುಡ್ಡೆಯಲ್ಲ

ಗುಜರಿ ಅಂಗಡಿಯಲ್ಲಿ ಒಂದು ಸ್ಕೂಟರಿನ ಎಲ್ಲ ಭಾಗಗಳೂ ಸಿಗಬಹುದು. ಆದರೆ ಆ ರಾಶಿ ಓಡುವುದಿಲ್ಲ. ಭಾಗಗಳು ಒಂದಕ್ಕೊಂದು ಸರಿಯಾಗಿ ಕೂತು, ಯಾವ ಒಂದು ಭಾಗವೂ ಒಂಟಿಯಾಗಿ ಮಾಡಲಾರದ ಕೆಲಸವನ್ನು ಒಟ್ಟಾಗಿ ಮಾಡಿದಾಗ ಅದು ಸಿಸ್ಟಮ್, ಅಂದರೆ ವ್ಯವಸ್ಥೆ. ಓಟ ಅನ್ನುವುದು ಚಕ್ರದಲ್ಲೂ ಇಲ್ಲ, ಇಂಜಿನ್ನಿನಲ್ಲೂ ಇಲ್ಲ. ಎರಡೂ ಸೇರುವ ಜಾಗದಲ್ಲಿ ಹುಟ್ಟುತ್ತದೆ.

ಆ ಸೇರುವ ಜಾಗಕ್ಕೆ ಇಂಟರ್‌ಫೇಸ್ ಅನ್ನುತ್ತಾರೆ. ನಾವು ಸಂದು ಅನ್ನೋಣ. ಪೈಪಿಗೂ ನಲ್ಲಿಗೂ ನಡುವಿನದು ಒಂದು ಸಂದು. ಬಾಗಿಲಿಗೂ ಸ್ವಿಚ್‌ಬೋರ್ಡಿಗೂ ನಡುವೆ ಇರುವುದೂ ಸಂದೇ, ಅವೆರಡೂ ಮುಟ್ಟದಿದ್ದರೂ. ಬಡಗಿಗೂ ಎಲೆಕ್ಟ್ರಿಷಿಯನ್‌ಗೂ ನಡುವೆ ಆಗಬೇಕಿದ್ದ ಮಾತು ಇನ್ನೊಂದು ಸಂದು. ಮಾಮೂಲಿ ಇಂಜಿನಿಯರ್ ಭಾಗವನ್ನು ಮಾಡುತ್ತಾನೆ, ಸಿಸ್ಟಮ್ಸ್ ಇಂಜಿನಿಯರ್ ಸಂದು ಕಾಯುತ್ತಾನೆ. ಅಮ್ಮನಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಅವರಿಗೆ ಪೂರ್ತಿ ಸಮಾಧಾನ ಆದಂತೆ ಕಾಣಲಿಲ್ಲ.

ಇನ್ನೆರಡು ಪದಗಳನ್ನು ಈಗಲೇ ಬಿಡಿಸಿಟ್ಟರೆ ಒಳ್ಳೆಯದು, ವೆರಿಫಿಕೇಷನ್ ಮತ್ತು ವ್ಯಾಲಿಡೇಷನ್. ಕೇಳಲು ಅಣ್ಣತಮ್ಮಂದಿರ ಹಾಗಿವೆ, ಕೆಲಸ ಬೇರೆ ಬೇರೆ. ಟೈಲರ್ ಅಳತೆ ಬರೆದುಕೊಂಡು ಬ್ಲೌಸ್ ಹೊಲಿದ. ಟೇಪು ಹಿಡಿದು ನೋಡಿದರೆ ಬರೆದ ಅಳತೆಗೂ ಹೊಲಿದ ಬ್ಲೌಸಿಗೂ ತಾಳೆಯಾಗುತ್ತದೆ. ಇದು ವೆರಿಫಿಕೇಷನ್. ಹಾಕಿಕೊಂಡು ಮೇಲಿನ ಶೆಲ್ಫಿನ ಡಬ್ಬಿ ತೆಗೆಯಲು ಹೋದರೆ ಕೈ ಮೇಲಕ್ಕೇ ಹೋಗುವುದಿಲ್ಲ. ವ್ಯಾಲಿಡೇಷನ್‌ನಲ್ಲಿ ಫೇಲು! ಹೇಳಿದ್ದನ್ನು ಮಾಡಿದೆವಾ ಅನ್ನುವುದು ಮೊದಲ ಪ್ರಶ್ನೆ. ಬೇಕಾದದ್ದನ್ನೇ ಹೇಳಿದ್ದೆವಾ ಅನ್ನುವುದು ಎರಡನೆಯದು. ದೊಡ್ಡ ಯೋಜನೆಗಳು ಜಾಸ್ತಿ ಎಡವುವುದು ಎರಡನೆಯದರಲ್ಲೇ ಎಂದು ನನಗೆ ಅನ್ನಿಸುತ್ತದೆ.

530 ಕಿಲೋಮೀಟರ್ ವೈರು, ಆದರೂ ಸಾಲಲಿಲ್ಲ

ಸಂದು ಬಿಟ್ಟುಹೋದರೆ ಏನಾಗುತ್ತದೆ ಎಂದು ತೋರಿಸಲು ತರಗತಿಗಳಲ್ಲಿ ಹೇಳುವ ಕಥೆಗಳಲ್ಲಿ ಏರ್‌ಬಸ್ ಎ380 ವಿಮಾನದ್ದೂ ಒಂದು. ಎರಡು ಅಂತಸ್ತಿನ ಆನೆಯಂಥ ವಿಮಾನ. ಒಂದೊಂದರ ಒಳಗೂ ಸುಮಾರು 530 ಕಿ.ಮೀ. ವೈರು. ಬೆಂಗಳೂರಿನಿಂದ ಬೀದಿ ಬೀದಿ ಸುತ್ತಿಸಿದರೂ ಹುಬ್ಬಳ್ಳಿ ದಾಟುವಷ್ಟು.

ವಿಮಾನದ ದೇಹದ ಕೆಲವು ಭಾಗಗಳು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಯಾರಾಗುತ್ತಿದ್ದವು. ಎಲ್ಲವನ್ನೂ ಜೋಡಿಸುವುದು ಫ್ರಾನ್ಸಿನ ಟುಲೂಸ್‌ನಲ್ಲಿ. ಎರಡೂ ಕಡೆ ಕಂಪ್ಯೂಟರಿನಲ್ಲಿ ವಿನ್ಯಾಸ ಬಿಡಿಸುವ ಸಾಫ್ಟ್‌ವೇರ್ ಒಂದೇ ಹೆಸರಿನದು, ಕಾಟಿಯಾ. ಆದರೆ ಜರ್ಮನಿಯವರ ಹತ್ತಿರ ನಾಲ್ಕನೆಯ ಆವೃತ್ತಿ, ಫ್ರಾನ್ಸಿನವರ ಹತ್ತಿರ ಐದನೆಯದು. ಒಂದರ ಮಾಹಿತಿ ಇನ್ನೊಂದಕ್ಕೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಹ್ಯಾಂಬರ್ಗ್‌ನಿಂದ ಕಟ್ಟಿ ತಂದ ವೈರಿನ ಕಂತೆಗಳನ್ನು ಟುಲೂಸ್‌ನಲ್ಲಿ ಎಳೆದು ನೋಡಿದರೆ ಗಿಡ್ಡ. ತಿರುವುಗಳಲ್ಲಿ ಬೇಕಾದಷ್ಟು ಉದ್ದ ಇರಲಿಲ್ಲ. ಯಾವ ಕೆಲಸಗಾರನೂ ತಪ್ಪಾಗಿ ಕತ್ತರಿಸಿರಲಿಲ್ಲ. ಪರದೆಯ ಮೇಲೆ ಕಂಡ ಉದ್ದಕ್ಕೇ ಕತ್ತರಿಸಿದ್ದರು.

2006ರಲ್ಲಿ ಕಂಪನಿ ಮೇಲಿಂದ ಮೇಲೆ ತಡ ಎಂದು ಘೋಷಿಸಬೇಕಾಯಿತು. ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಮೊದಲ ವಿಮಾನ ಸಿಂಗಪುರ್ ಏರ್‌ಲೈನ್ಸ್ ಕೈ ಸೇರಿದ್ದು 2007ರ ಅಕ್ಟೋಬರ್‌ನಲ್ಲಿ, ಸುಮಾರು ಎರಡು ವರ್ಷ ತಡವಾಗಿ.

ಅದಕ್ಕಿಂತ ಹತ್ತು ವರ್ಷ ಹಿಂದೆ, 1996ರ ಜೂನ್ 4ರಂದು, ಯುರೋಪಿನದೇ ಆರಿಯಾನ್ 5 ರಾಕೆಟ್ ಮೇಲೇರಿದ 40 ಸೆಕೆಂಡಿನೊಳಗೆ ಚೂರಾಯಿತು. ದಿಕ್ಕು ಹೇಳುವ ಸಾಫ್ಟ್‌ವೇರನ್ನು ಹಳೆಯ ಆರಿಯಾನ್ 4ರಿಂದ ತಂದಿದ್ದರು. ಹಳೆಯದರಲ್ಲಿ ಅದು ಬಂಗಾರದಂತೆ ಕೆಲಸ ಮಾಡಿತ್ತು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಆ ಸಂಖ್ಯೆ ಸಾಫ್ಟ್‌ವೇರ್ ಮೀಸಲಿಟ್ಟ ಜಾಗದಲ್ಲಿ ಹಿಡಿಸಲಿಲ್ಲ, ಸೇರಿನ ಪಾತ್ರೆಗೆ ಕೊಳಗ ಸುರಿದಂತೆ. ಒಂದು ಕಂಪ್ಯೂಟರ್ ಕೆಟ್ಟರೆ ಇರಲಿ ಎಂದು ಇನ್ನೊಂದನ್ನು ಇಟ್ಟಿದ್ದರಲ್ಲ, ಅದರಲ್ಲೂ ಅದೇ ಸಾಫ್ಟ್‌ವೇರ್. ಸ್ಟೆಪ್ನಿಯೂ ಅದೇ ಜಾಗದಲ್ಲಿ ಪಂಕ್ಚರ್.

ಚಂದ್ರಯಾನದಲ್ಲಿ ಕಿತ್ತಾಡಿದ ಬೇಡಿಕೆಗಳು

ನಮ್ಮ ಕಣ್ಣೆದುರೇ ನಡೆದ ಪಾಠವೂ ಒಂದಿದೆ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ದಾಟಿದ ಮೇಲೆ ಎಷ್ಟೋ ಮನೆಗಳಲ್ಲಿ ಟಿವಿ ಉರಿಯುತ್ತಿತ್ತು. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇನ್ನೇನು ಇಳಿಯಬೇಕು ಅನ್ನುವಾಗ ಮಾತು ನಿಲ್ಲಿಸಿತು.

ಯಾವುದೋ ಒಂದು ಭಾಗ ಮುರಿದಿರಬೇಕು ಎಂದೇ ನಾವೆಲ್ಲ ಅಂದುಕೊಂಡೆವು, ಅಲ್ವಾ? 2023ರ ಜುಲೈನಲ್ಲಿ ಆಗಿನ ಇಸ್ರೊ ಅಧ್ಯಕ್ಷ ಎಸ್. ಸೋಮನಾಥ್ ಬಿಡಿಸಿ ಹೇಳಿದ ಕಾರಣ ಬೇರೆಯದೇ ಆಗಿತ್ತು. ಲ್ಯಾಂಡರಿನಲ್ಲಿ ಐದು ಇಂಜಿನ್ ಇದ್ದವು. ಅವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಜಾಸ್ತಿ ತಳ್ಳಿದವು. ಇದೊಂದೇ ಆಗಿದ್ದರೆ ದೊಡ್ಡ ವಿಷಯವಲ್ಲ. ಆದರೆ ಇಳಿಯುವ ಹಾದಿಯಲ್ಲಿ ಒಂದಿಷ್ಟು ಹೊತ್ತು ಫೋಟೊ ತೆಗೆಯಲು ಅಲುಗಾಡದೆ ಸಾಗಬೇಕಿತ್ತು. ಆ ಹೊತ್ತಿನಲ್ಲಿ ತಪ್ಪು ತಿದ್ದಿಕೊಳ್ಳುವಂತಿರಲಿಲ್ಲ, ತಪ್ಪು ಬೆಳೆಯುತ್ತಾ ಹೋಯಿತು. ಆಮೇಲೆ ತಿದ್ದಲು ಹೊರಟಾಗ ಜೋರಾಗಿ ತಿರುಗಬೇಕಾಯಿತು. ಎಷ್ಟು ಜೋರಾಗಿ ತಿರುಗಬಹುದು ಅನ್ನುವುದಕ್ಕೆ ಸಾಫ್ಟ್‌ವೇರ್ ಮಿತಿ ಹಾಕಿತ್ತು. ಇದರ ಮೇಲೆ ಇಳಿಯಬೇಕಾದ ಜಾಗ 500 ಮೀಟರ್‌ಗೆ 500 ಮೀಟರ್ ಮಾತ್ರ. ಅದು ಇನ್ನೂ ದೂರ ಇತ್ತು. ನೆಲ ಹತ್ತಿರವಾಗಿತ್ತು, ವೇಗ ಇಳಿಸಬೇಕು. ಜಾಗ ದೂರವಿತ್ತು, ಮುಂದೆ ಓಡಬೇಕು. ಎರಡು ಬೇಡಿಕೆಗಳು ಒಂದಕ್ಕೊಂದು ಜಗಳಕ್ಕೆ ನಿಂತವು.

ಗಮನಿಸಿ, ಪ್ರತಿಯೊಂದು ಬೇಡಿಕೆಗೂ ಅರ್ಥ ಇತ್ತು. ಫೋಟೊ ಮಸುಕಾಗಬಾರದು ಅನ್ನುವುದು ಸರಿ, ಗಿರ್ರನೆ ತಿರುಗಬಾರದು ಅನ್ನುವುದೂ ಸರಿ. ನಿಗದಿ ಮಾಡಿದ ಜಾಗದಲ್ಲೇ ಇಳಿಯಬೇಕು ಅನ್ನುವುದರಲ್ಲಿ ಏನು ತಪ್ಪು? ಮೂರೂ ಒಂದೇ ಗಳಿಗೆಯಲ್ಲಿ ಎದುರಾದಾಗ ಯಾವುದು ಬಗ್ಗಬೇಕು ಅನ್ನುವುದೇ ಸಂದಿನ ಪ್ರಶ್ನೆ.

ಚಂದ್ರಯಾನ-3ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಎಲ್ಲ ಸರಿಯಾದರೆ ಹೇಗೆ ಇಳಿಯುತ್ತದೆ ಅನ್ನುವುದರ ಬದಲು, ಏನೇನು ಕೆಡಬಹುದು, ಕೆಟ್ಟರೂ ಹೇಗೆ ಇಳಿಸಬಹುದು ಎಂದು ಹೊರಟರು. ಸೋಮನಾಥ್ ಇದನ್ನು ವೈಫಲ್ಯ ಆಧಾರಿತ ವಿನ್ಯಾಸ ಎಂದರು. ನಡುವಿನ ಐದನೆಯ ಇಂಜಿನ್ ಹೋಯಿತು. ಕಾಲುಗಳು ಗಟ್ಟಿಯಾದವು. ಇಂಧನ ಹೆಚ್ಚಾಯಿತು, ವೇಗ ಅಳೆಯಲು ಹೊಸ ಲೇಸರ್ ಸಾಧನ ಬಂತು. ಇಳಿಯುವ ಜಾಗ 4 ಕಿ.ಮೀ.ಗೆ 2.4 ಕಿ.ಮೀ. ಆಯಿತು. ಎಲ್ಲಕ್ಕಿಂತ ಜಾಣ ಬದಲಾವಣೆ ಈ ಕೊನೆಯದೇ ಎಂದು ನನ್ನ ಲೆಕ್ಕ. ಯಂತ್ರದಲ್ಲಿ ಒಂದು ಸ್ಕ್ರೂ ಮುಟ್ಟದೆ, ಕಾಗದದ ಮೇಲಿನ ಬೇಡಿಕೆಯನ್ನು ಸಡಿಲ ಮಾಡಿದರು, ಜಗಳ ತಗ್ಗಿತು. ಇದಕ್ಕೂ ಮುಂಚೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿನಂಥ ಗುಂಡಿಗಳನ್ನು ತೋಡಿ, ಅವುಗಳ ಮೇಲಿಂದ ಲ್ಯಾಂಡರಿನ ಕಣ್ಣುಗಳನ್ನು, ಅಂದರೆ ಸೆನ್ಸರ್‌ಗಳನ್ನು, ಪರೀಕ್ಷಿಸಿದ್ದರು. 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಇಳಿದಾಗ ಬೆಂಗಳೂರಿನಲ್ಲಿರುವ ಇಸ್ರೊದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಲ್ಲಿ ಚಪ್ಪಾಳೆ.

ಇದರಲ್ಲಿ ಮ್ಯಾನೇಜ್‌ಮೆಂಟ್ ಯಾಕೆ ಬಂತು?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎನ್ನುತ್ತಾರೆ. ಗಾರೆ ಕಲಸುವುದು ಕಷ್ಟ ಎಂದು ಹೇಳಿದ ಮಾತಲ್ಲ ಅದು. ಗಾರೆಯವರು ಬಂದ ದಿನ ಮರಳು ಇರುವುದಿಲ್ಲ, ಮರಳು ಬಂದ ದಿನ ಗಾರೆಯವರು ಇರುವುದಿಲ್ಲ. ಜನ, ದುಡ್ಡು, ದಿನ ಈ ಮೂರನ್ನೂ ಯಂತ್ರದ ಭಾಗಗಳಂತೆಯೇ ಲೆಕ್ಕಕ್ಕೆ ತೆಗೆದುಕೊಂಡು ಅಭ್ಯಾಸ ಮಾಡುವುದು ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟ್.

ಇದರ ಹಳೆಯ ಸಾಧನಗಳಲ್ಲಿ ಒಂದು 1950ರ ದಶಕದ ಕೊನೆಗೆ ಬಂದ ಕ್ರಿಟಿಕಲ್ ಪಾತ್ ವಿಧಾನ. ಅಮೆರಿಕದ ಡುಪಾಂಟ್ ಕಂಪನಿಯ ಕಾರ್ಖಾನೆಗಳ ಕೆಲಸಕ್ಕೆಂದು ಹುಟ್ಟಿದ್ದು. ಹೆಸರಿಗೆ ಹೆದರಬೇಡಿ, ಇಡ್ಲಿ ಮಾಡುವವರಿಗೆಲ್ಲ ಇದು ಗೊತ್ತು. ನಾಳೆ ಬೆಳಿಗ್ಗೆ ಎಂಟಕ್ಕೆ ಇಡ್ಲಿ ಬೇಕು. ಉದ್ದು, ಅಕ್ಕಿ ನೆನೆಯಬೇಕು, ರುಬ್ಬಬೇಕು, ಹಿಟ್ಟು ರಾತ್ರಿಯೆಲ್ಲ ಹುದುಗಬೇಕು, ಬೇಯಬೇಕು. ಈ ಸಾಲಿನಲ್ಲಿ ಒಂದು ಗಂಟೆ ತಡವಾದರೆ ತಿಂಡಿಯೂ ಒಂದು ಗಂಟೆ ತಡ. ಚಟ್ನಿ ಹಾಗಲ್ಲ. ಅದನ್ನು ಆರಕ್ಕೆ ಮಾಡಿದರೂ ನಡೆಯುತ್ತದೆ, ಏಳೂವರೆಗೆ ಮಾಡಿದರೂ ನಡೆಯುತ್ತದೆ, ಅದಕ್ಕೆ ಪುರುಸೊತ್ತಿದೆ. ಪುರುಸೊತ್ತಿಲ್ಲದ ಆ ಸಾಲೇ ಕ್ರಿಟಿಕಲ್ ಪಾತ್. ಹತ್ತು ಸಾವಿರ ಕೆಲಸಗಳಿರುವ ಯೋಜನೆಯಲ್ಲಿ ಯಾವುದು ಇಡ್ಲಿ ಹಿಟ್ಟು, ಯಾವುದು ಚಟ್ನಿ ಎಂದು ಗುರುತಿಸುವುದೇ ವಿದ್ಯೆ.

ಅಡುಗೆಮನೆಗೆ ಇನ್ನೂ ನಾಲ್ಕು ಜನ ಬಂದರೆ ಹಿಟ್ಟು ಬೇಗ ಹುದುಗುತ್ತದೆಯೇ? ಇಲ್ಲ. ಬದಲಿಗೆ ಓಡಾಡಲು ಜಾಗ ಕಡಿಮೆಯಾಗುತ್ತದೆ. ಐಬಿಎಂನ ದೊಡ್ಡದೊಂದು ಸಾಫ್ಟ್‌ವೇರ್ ಯೋಜನೆ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದದ್ದು ಇದನ್ನೇ: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಹೊಸಬರಿಗೆ ಕಲಿಸಲು ಹಳಬರ ಸಮಯ ಹೋಗುತ್ತದೆ. ಜತೆಗೆ ಮಾತಿನ ದಾರಿಗಳು ಬೆಳೆಯುತ್ತವೆ. ಮೂವರಿದ್ದರೆ ಮೂರು ಜೋಡಿ, 10 ಜನರಿದ್ದರೆ 45 ಜೋಡಿ, 20 ಜನರಿದ್ದರೆ 190. ಜನ ಎರಡು ಪಟ್ಟು, ಸಂದು ನಾಲ್ಕು ಪಟ್ಟಿಗೂ ಜಾಸ್ತಿ.

ಸರಿ, ಇದಕ್ಕೆ ಲ್ಯಾಬ್ ಎಲ್ಲಿದೆ?

ಸಂಶೋಧನೆ ಎಂದರೆ ನಮ್ಮ ಕಣ್ಣಿಗೆ ಬರುವುದು ಬಿಳಿ ಕೋಟು, ಗಾಜಿನ ನಳಿಗೆ. ಇಲ್ಲಿ ಅದು ನಡೆಯುವುದಿಲ್ಲ. ಒಂದು ವಿಮಾನವನ್ನು ಒಂದು ವಿಧಾನದಲ್ಲಿ, ಅದೇ ವಿಮಾನವನ್ನು ಇನ್ನೊಂದು ವಿಧಾನದಲ್ಲಿ ಕಟ್ಟಿ ಯಾವುದು ವಾಸಿ ಎಂದು ನೋಡಲು ಯಾರೂ ದುಡ್ಡು ಕೊಡುವುದಿಲ್ಲ. ಹಾಗಾಗಿ ಬೇರೆ ದಾರಿಗಳನ್ನು ಹುಡುಕಿಕೊಂಡಿದ್ದಾರೆ.

ಒಂದು ದಾರಿ, ಚೌಕದ ಕೋಷ್ಟಕ. 1981ರಲ್ಲಿ ಡೊನಾಲ್ಡ್ ಸ್ಟೀವರ್ಡ್ ಎಂಬುವರು ಹೆಸರಿಟ್ಟ ವಿಧಾನ, ಡಿಸೈನ್ ಸ್ಟ್ರಕ್ಚರ್ ಮ್ಯಾಟ್ರಿಕ್ಸ್. ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಮೇಲಿನಿಂದ ಕೆಳಕ್ಕೆ ಮನೆಯ ಭಾಗಗಳನ್ನು ಬರೆಯಿರಿ: ಗೋಡೆ, ಬಾಗಿಲು, ವೈರಿಂಗ್, ಪೈಪು, ಟೈಲ್ಸ್. ಅದೇ ಪಟ್ಟಿಯನ್ನು ಮೇಲ್ಗಡೆ ಅಡ್ಡಕ್ಕೆ ಬರೆಯಿರಿ. ಈಗ ವೈರಿಂಗ್ ಸಾಲಿನಲ್ಲಿ ಕೈ ಆಡಿಸುತ್ತಾ, ವೈರಿಂಗ್ ಮಾಡುವವನಿಗೆ ಯಾರ ಯಾರ ವಿಷಯ ಗೊತ್ತಿರಬೇಕೋ ಆ ಚೌಕಗಳಲ್ಲಿ ಗುರುತು ಹಾಕಿ. ಗೋಡೆ, ಹೌದು. ಪೈಪು, ಹೌದು. ಬಾಗಿಲು? ಈ ಹಾಳೆ ನನ್ನ ಹತ್ತಿರ ಆಗ ಇದ್ದಿದ್ದರೆ ಪೆನ್ನು ಅಲ್ಲಿ ನಿಲ್ಲುತ್ತಿತ್ತು.

ಮ್ಯಾನುವೆಲ್ ಸೋಸಾ, ಸ್ಟೀವನ್ ಎಪಿಂಜರ್, ಕ್ರೇಗ್ ರೌಲ್ಸ್ ಎಂಬ ಮೂವರು ಇದನ್ನೇ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಒಂದು ಜೆಟ್ ಇಂಜಿನ್ ಮೇಲೆ ಮಾಡಿದರು. ಇಂಜಿನ್ನನ್ನು 54 ಭಾಗಗಳಾಗಿ ಬಿಡಿಸಿ, ಯಾವುದು ಯಾವುದಕ್ಕೆ ತಾಗುತ್ತದೆ ಎಂದು ಒಂದು ಕೋಷ್ಟಕ ಮಾಡಿದರು. ಒಂದೊಂದು ಭಾಗಕ್ಕೂ ಒಂದು ತಂಡ ಇತ್ತು. ಯಾವ ತಂಡ ಯಾವ ತಂಡದ ಜತೆ ಮಾತಾಡುತ್ತಿದೆ ಎಂದು ಕೇಳಿ ಇನ್ನೊಂದು ಕೋಷ್ಟಕ ಮಾಡಿದರು. ಆಮೇಲೆ ಒಂದರ ಮೇಲೊಂದು ಇಟ್ಟರು. ಭಾಗಗಳು ತಾಗುತ್ತವೆ, ತಂಡಗಳು ಮಾತೇ ಆಡಿಲ್ಲ ಅನ್ನುವ ಜಾಗಗಳು ಎದ್ದು ಕಂಡವು. ಬೇರೆ ಬೇರೆ ಉಪವ್ಯವಸ್ಥೆಗಳ ಗಡಿಯಲ್ಲಿ ಅಂಥವು ಜಾಸ್ತಿ. ಎರಡು ಕೋಷ್ಟಕ, ಒಂದಿಷ್ಟು ತಾಳ್ಮೆಯ ಸಂದರ್ಶನ. ಸಂಶೋಧನೆ ಅಂದರೆ ಇದೇ. ನನಗಂತೂ ಇದು ತುಂಬಾ ಚೆಂದ ಅನ್ನಿಸಿತು.

ಇನ್ನೊಂದು ದಾರಿ, ಹಳೆಯ ಯೋಜನೆಗಳ ಲೆಕ್ಕ ಕೆದಕುವುದು. ಬೆಂಟ್ ಫ್ಲೂಬಿಯರ್ ಮತ್ತು ಜತೆಗಾರರು 2002ರಲ್ಲಿ 20 ದೇಶಗಳ 258 ಸಾರಿಗೆ ಯೋಜನೆಗಳನ್ನು ಹೋಲಿಸಿದರು. 10ರಲ್ಲಿ 9 ಯೋಜನೆಗಳ ಖರ್ಚು ಮೊದಲಿನ ಅಂದಾಜನ್ನು ದಾಟಿತ್ತು. ರೈಲು ಯೋಜನೆಗಳು ಸರಾಸರಿ ಶೇ 45ರಷ್ಟು. 70 ವರ್ಷಗಳಲ್ಲಿ ಈ ತಪ್ಪು ಕಡಿಮೆಯಾದ ಸುಳಿವೂ ಇರಲಿಲ್ಲ. ನಮ್ಮ ಮೆಟ್ರೊ ಮೊದಲ ಹಂತಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಾಗ 33 ಕಿ.ಮೀ., 6,395 ಕೋಟಿ ರೂಪಾಯಿ. 2017ರಲ್ಲಿ ಮುಗಿಯುವ ಹೊತ್ತಿಗೆ 42.3 ಕಿ.ಮೀ., ಖರ್ಚು 13 ಸಾವಿರ ಕೋಟಿ ದಾಟಿತ್ತು. ಮಾರ್ಗವೂ ಉದ್ದವಾಯಿತು ನಿಜ, ಆದರೆ ಖರ್ಚು ಅದಕ್ಕಿಂತ ಬೇಗ ಉದ್ದವಾಯಿತು.

ಯಾಕೆ ಹೀಗೆ? ಇದನ್ನು ಮನುಷ್ಯರ ಮೇಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಕೆನಡಾದಲ್ಲಿ ರೋಜರ್ ಬ್ಯೂಲರ್ ಮತ್ತು ಜತೆಗಾರರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಪ್ರಬಂಧ ಬರೆಯುತ್ತಿದ್ದ 37 ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ 33.9 ದಿನ ಅಂದರು. ಎಲ್ಲವೂ ಕೆಟ್ಟರೆ ಎಷ್ಟು ದಿನ? 48.6 ಅಂದರು. ನಿಜವಾಗಿ ಹಿಡಿದದ್ದು 55.5 ದಿನ. ಕೆಟ್ಟದ್ದನ್ನು ಊಹಿಸಿಕೊಳ್ಳಿ ಅಂದಾಗಲೂ ಸಾಕಷ್ಟು ಕೆಟ್ಟದ್ದು ನೆನಪಿಗೆ ಬಂದಿರಲಿಲ್ಲ. ನಮ್ಮ ಕೆಲಸದ ಒಳಗೆ ಕೂತು ಲೆಕ್ಕ ಹಾಕಿದರೆ ಹೀಗೇ ಆಗುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್, ಏಮೋಸ್ ಟ್ವರ್ಸ್ಕಿ 1979ರಲ್ಲೇ ಹೇಳಿದ್ದರು. ಅವರ ಮದ್ದು ಸರಳ: ನಿಮ್ಮ ಯೋಜನೆ ಎಷ್ಟು ವಿಶೇಷ ಅನ್ನುವುದನ್ನು ಮರೆತು, ಇಂಥದ್ದೇ ಕೆಲಸ ಮಾಡಿದ ಬೇರೆಯವರಿಗೆ ಎಷ್ಟು ಹಿಡಿಯಿತು ಎಂದು ಮೊದಲು ಕೇಳಿ. ಪಕ್ಕದ ಮನೆಯವರನ್ನು ಕೇಳಿ ಬಜೆಟ್ ಹಾಕುವುದು ಅಂತಲೂ ಅನ್ನಬಹುದು. ಬ್ರಿಟನ್ ಸರ್ಕಾರ 2004ರಿಂದ ದೊಡ್ಡ ಸಾರಿಗೆ ಯೋಜನೆಗಳಿಗೆ ಈ ರೀತಿ ಲೆಕ್ಕ ಹಾಕಲು ಹೇಳಿತು.

ಈ ವಿದ್ಯೆಗೆ ಮಿತಿಗಳೂ ಇವೆ. ಒಂದು ಯೋಜನೆಯಂತೆ ಇನ್ನೊಂದು ಇರುವುದಿಲ್ಲ. ಕಂಪನಿಗಳು ಸೋತ ಕಥೆಯ ಕಡತ ಸುಲಭವಾಗಿ ಬಿಚ್ಚುವುದಿಲ್ಲ. ಮಾತಾಡಿದೆವು ಎಂದು ಎರಡು ತಂಡಗಳು ಹೇಳಿದರೂ, ಆಡಿದ್ದು ಏನು ಎಂದು ಗೊತ್ತಾಗುವುದು ಕಷ್ಟ. ಸ್ವಿಚ್‌ಬೋರ್ಡ್ ಹಾಕುವ ದಿನ ಬಡಗಿಯೂ ಎಲೆಕ್ಟ್ರಿಷಿಯನ್ನೂ ಒಟ್ಟಿಗೆ ಟೀ ಕುಡಿದದ್ದನ್ನು ನಾನೇ ನೋಡಿದ್ದೇನೆ.

ಎಲ್ಲಿ ಓದಬಹುದು?

ಅಮೆರಿಕದ ಮಿಸೌರಿಯ ರೋಲಾ ಎಂಬ ಊರಿನಲ್ಲಿ 1967ರಲ್ಲೇ ಇಂಜಿನಿಯರಿಂಗ್ ಮ್ಯಾನೇಜ್‌ಮೆಂಟ್‌ಗೆ ವಿಭಾಗ ಶುರುವಾಗಿತ್ತು. ನಮ್ಮಲ್ಲಿ ಇದೇ ಹೆಸರಿನ ಬೋರ್ಡು ಹುಡುಕಿದರೆ ಸಿಗುವುದು ಕಡಿಮೆ. ಬೆಂಗಳೂರಿನ ಐಐಎಸ್‌ಸಿಯ ಮ್ಯಾನೇಜ್‌ಮೆಂಟ್ ಸ್ಟಡೀಸ್ ವಿಭಾಗ, ಐಐಟಿ ಖರಗ್‌ಪುರದ ಇಂಡಸ್ಟ್ರಿಯಲ್ ಅಂಡ್ ಸಿಸ್ಟಮ್ಸ್ ಇಂಜಿನಿಯರಿಂಗ್ ವಿಭಾಗ, ಇಂಥ ಕಡೆ ನೋಡಬೇಕು. ಯಾವ ಇಂಜಿನಿಯರಿಂಗ್ ಓದಿದವರೂ ಬರಬಹುದು. ಸಂಖ್ಯಾಶಾಸ್ತ್ರ ಬೇಕು, ಕಂಪ್ಯೂಟರ್ ಬೇಕು. ಜನರ ಜತೆ ಕೂತು ಕೇಳಿಸಿಕೊಳ್ಳುವ ತಾಳ್ಮೆ ಇವೆರಡಕ್ಕಿಂತ ಜಾಸ್ತಿ ಬೇಕು.

ಅಕ್ಕನ ಮಗಳು ಹೊರಡುವ ಹಿಂದಿನ ದಿನ ಮನೆಗೆ ಬಂದಿದ್ದಳು. ಮಹಡಿ ರೂಮಿಗೆ ಕರೆದುಕೊಂಡು ಹೋಗಿ ಬೋರ್ಡು ತೋರಿಸಿದೆ. ನಕ್ಕಳು, ಫೋನಿನಲ್ಲಿ ಫೋಟೊ ತೆಗೆದುಕೊಂಡಳು. ಎಷ್ಟು ವರ್ಷದ ಪಿಎಚ್‌ಡಿ ಎಂದು ಕೇಳಿದೆ.

"ನಾಲ್ಕು ವರ್ಷ ಮಾವ. ತೀರಾ ಕೆಟ್ಟರೆ ಐದು."